ಉಪ್ಪಿನ ಬಯಲಿನಲ್ಲಿ ನಡೆದ ಅಭ್ಯಾಸ

ನಮ್ಮ ಪ್ರೌಢಶಾಲೆಗಳ ಇತಿಹಾಸ ಪಾಠದಲ್ಲಿ ಎರಡನೆಯ ಮಹಾಯುದ್ಧದ ಮುಕ್ತಾಯ ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅಮೆರಿಕ ಅಣುಬಾಂಬು ಹಾಕಿತು, ಜಪಾನ್ ಶರಣಾಯಿತು. ವಿದ್ಯಾರ್ಥಿಗಳು ತಾರೀಖುಗಳನ್ನು ಬಾಯಿಪಾಠ ಮಾಡುತ್ತಾರೆ, ಒಂದು ಅಂಕದ ಪ್ರಶ್ನೆಗೆ ಸರಿಯಾದ ಉತ್ತರ ಬರೆಯುತ್ತಾರೆ, ಮುಂದಿನ ಪಾಠವಾದ ವಿಶ್ವಸಂಸ್ಥೆಗೆ ಹೋಗುತ್ತಾರೆ. ಈ ಪಾಠವನ್ನು ವರ್ಷಾನುಗಟ್ಟಲೆ ಬೋಧಿಸಿದ ನನಗೆ ಪಠ್ಯ ರಚಿಸಿದವರನ್ನು ದೂರುವ ಮನಸ್ಸಿಲ್ಲ. ಪಾಠಗಳು ಬಹಳ, ಅವಧಿಗಳು ಕಡಿಮೆ. ಆದರೆ ಆ ವಾಕ್ಯಗಳು ಮಕ್ಕಳ ಮನಸ್ಸಿನಲ್ಲಿ ಒಂದು ತಪ್ಪು ಚಿತ್ರವನ್ನು ಉಳಿಸಿಬಿಡುತ್ತವೆ. ಬಾಂಬು ಒಂದು ಬೆಳಗ್ಗೆ ಸಿಡಿಲಿನಂತೆ ಆಕಾಶದಿಂದ ಎರಗಿತೆಂದು ಅವರು ತಿಳಿಯುತ್ತಾರೆ. ಸಿಡಿಲಿಗೆ ಪೂರ್ವಸಿದ್ಧತೆ ಇರುವುದಿಲ್ಲ. ಆ ಬಾಂಬನ್ನು ಹಾಕುವ ಕೆಲಸಕ್ಕೆ ಹನ್ನೊಂದು ತಿಂಗಳ ತಾಲೀಮು ನಡೆದಿತ್ತು. ತಾಲೀಮು ನಡೆದ ಸ್ಥಳಕ್ಕೆ ಒಂದು ಹೆಸರಿದೆ, ಒಂದು ಚರಿತ್ರೆಯಿದೆ. ಹಿರೋಷಿಮಾವನ್ನು ಬೋಧಿಸುವವರು ಆ ಸ್ಥಳವನ್ನೂ ಬೋಧಿಸಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಸಮರ್ಥಿಸುವುದಕ್ಕಾಗಿಯೇ ಈ ಲೇಖನ.

ಆ ಸ್ಥಳದ ಹೆಸರು ವೆಂಡೋವರ್. ಅಮೆರಿಕದ ಯೂಟಾ ಮತ್ತು ನೆವಾಡಾ ರಾಜ್ಯಗಳ ಗಡಿಯ ಮೇಲೆ, ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ಸುಮಾರು 190 ಕಿಲೋಮೀಟರ್ ದೂರದಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ವಿಶಾಲವಾದ ಸರೋವರವಿತ್ತು. ಅದು ಸಾವಿರಾರು ವರ್ಷಗಳಲ್ಲಿ ಬತ್ತಿ ಉಪ್ಪಿನ ಬಯಲಾಯಿತು. ಕಣ್ಣು ಹಾಯಿಸಿದಷ್ಟೂ ಬಿಳುಪು, ಮರವಿಲ್ಲ, ಹುಲ್ಲಿಲ್ಲ. 1846ರಲ್ಲಿ ಕ್ಯಾಲಿಫೋರ್ನಿಯಾದ ಕಡೆಗೆ ಬಂಡಿ ಕಟ್ಟಿಕೊಂಡು ಹೊರಟ ಡಾನರ್ ತಂಡದ ವಲಸಿಗರು ಇದೇ ಬಯಲಿನಲ್ಲಿ ನೀರಿಲ್ಲದೆ ಎತ್ತುಗಳನ್ನೂ ಬಂಡಿಗಳನ್ನೂ ಕಳೆದುಕೊಂಡರು. ಆಮೇಲೆ ರೈಲುಮಾರ್ಗ ಬಂದಿತು, ರೈಲಿನವರಿಗಾಗಿ ಒಂದು ಪುಟ್ಟ ಊರು ಹುಟ್ಟಿತು. 1940ರಲ್ಲಿ ಆ ಊರಿನ ಜನಸಂಖ್ಯೆ ನೂರರ ಆಸುಪಾಸು ಮಾತ್ರ.

ಸೈನ್ಯಕ್ಕೆ ಬೇಕಾಗಿದ್ದುದು ಅಂತಹ ಜಾಗವೇ. ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತ್ತು. ತಮ್ಮ ಸರದಿ ಬರುವುದಕ್ಕೆ ಮೊದಲು ಬಾಂಬರ್ ವಿಮಾನಗಳ ತಂಡಗಳನ್ನು ತರಬೇತುಗೊಳಿಸಬೇಕೆಂದು ಅಮೆರಿಕದ ಸೇನಾ ಇಲಾಖೆ ವಿಸ್ತಾರವಾದ ನೆಲಕ್ಕಾಗಿ ಹುಡುಕುತ್ತಿತ್ತು. ಇಲ್ಲಿ ಮಳೆಮೋಡ ವಿರಳ, ಹಾರುವುದಕ್ಕೆ ಅನುಕೂಲ. ಪಕ್ಕದಲ್ಲಿಯೇ ರೈಲು ಇತ್ತು. ಬಾಂಬು ಬಿದ್ದರೆ ದೂರು ಹೇಳುವವರು ಇಲ್ಲವೆಂದು ಭಾವಿಸಲಾಯಿತು. 1940ರ ಕೊನೆಯ ಭಾಗದಲ್ಲಿ ಕಾಮಗಾರಿ ಆರಂಭವಾಯಿತು. 1942ರ ಮಾರ್ಚ್‌ನಲ್ಲಿ ಅದು ಅಧಿಕೃತವಾಗಿ ವಾಯುನೆಲೆಯಾಯಿತು. ಬಾಂಬು ಹಾಕುವ ಮತ್ತು ಗುಂಡು ಹಾರಿಸುವ ಅಭ್ಯಾಸಕ್ಕೆಂದು ಮೀಸಲಿಟ್ಟ ನೆಲ ಬೆಳೆಯುತ್ತ ಹದಿನೆಂಟು ಲಕ್ಷ ಎಕರೆಗಳಷ್ಟಾಯಿತು. ನೂರು ಜನರ ಊರಿನ ಮಗ್ಗುಲಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಸೈನಿಕರು ಬಂದು ನೆಲೆಸಿದರು. ಯುದ್ಧ ಮುಗಿಯುವ ಹೊತ್ತಿಗೆ ಆಸ್ಪತ್ರೆ, ಚಿತ್ರಮಂದಿರ, ಗ್ರಂಥಾಲಯ, ಪ್ರಾರ್ಥನಾಮಂದಿರ, ಈಜುಕೊಳ ಎಲ್ಲ ಸೇರಿ 668 ಕಟ್ಟಡಗಳು ಅಲ್ಲಿದ್ದವು. ಸೈನಿಕರನ್ನು ನಗಿಸಲು ಬಂದ ಹಾಸ್ಯನಟ ಬಾಬ್ ಹೋಪ್ ಊರಿನ ಹೆಸರನ್ನು ತಿರುಚಿ ‘ಲೆಫ್ಟೋವರ್’ ಎಂದು ಕರೆದನಂತೆ. ಊಟವಾದ ಮೇಲೆ ತಟ್ಟೆಯಲ್ಲಿ ಮಿಕ್ಕ ಪದಾರ್ಥ ಎಂದು ಅದರ ಅರ್ಥ.

ಮೊದಲ ಎರಡು ವರ್ಷ ಅಲ್ಲಿ ತರಬೇತಿ ಪಡೆದವರು ಬಿ-17 ಮತ್ತು ಬಿ-24 ಎಂಬ ಭಾರೀ ಬಾಂಬರುಗಳ ತಂಡದವರು. 1942ರ ಏಪ್ರಿಲ್‌ನಲ್ಲಿ ಬಂದ 306ನೆಯ ಬಾಂಬರ್ ಗುಂಪು ಮೊದಲನೆಯದು. ಅದರ ಹಿಂದೆ ಸುಮಾರು ಇಪ್ಪತ್ತು ಗುಂಪುಗಳು ಬಂದು ಹೋದವು. ಒಂದು ವಿಮಾನಕ್ಕೆ ಹತ್ತು ಜನ. ಚಾಲಕ, ಸಹಚಾಲಕ, ದಾರಿ ಲೆಕ್ಕ ಹಾಕುವವನು, ಬಾಂಬು ಗುರಿ ಹಿಡಿಯುವವನು, ರೇಡಿಯೋದವನು, ಬಂದೂಕಿನವರು. ಹೆಚ್ಚಿನವರು ಇಪ್ಪತ್ತರ ಹರೆಯದವರು. ಹೊಲದಿಂದ, ಅಂಗಡಿಯಿಂದ, ಕಾಲೇಜಿನಿಂದ ನೇರವಾಗಿ ಬಂದವರು. ಕೆಲವೇ ತಿಂಗಳಲ್ಲಿ ಒಬ್ಬರ ಕೆಲಸ ಇನ್ನೊಬ್ಬರಿಗೆ ಕೈಗೂಡುವಷ್ಟು ಅಭ್ಯಾಸ ಮಾಡಿ ಅವರು ಇಂಗ್ಲೆಂಡಿಗೆ ಹಾರಿದರು. ಅಲ್ಲಿಂದ ಜರ್ಮನಿಯ ಮೇಲೆ ಹೋದವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ. ಈ ಹುಡುಗರನ್ನು ಕುರಿತು ಅಗೌರವದ ಒಂದು ಮಾತನ್ನೂ ನಾನು ಆಡಲಾರೆ. ಹಿಟ್ಲರನನ್ನು ಸೋಲಿಸಲು ಯಾರಾದರೂ ಆ ಆಕಾಶಕ್ಕೆ ಏರಲೇಬೇಕಿತ್ತು.

1944ರ ಸೆಪ್ಟೆಂಬರ್‌ನಲ್ಲಿ ವೆಂಡೋವರ್‌ನ ಕಥೆ ಬೇರೆ ದಾರಿ ಹಿಡಿಯಿತು. ಪಾಲ್ ಟಿಬೆಟ್ಸ್ ಎಂಬ 29 ವರ್ಷದ ಅಧಿಕಾರಿಗೆ ಒಂದು ವಿಶೇಷ ದಳವನ್ನು ಕಟ್ಟುವ ಹೊಣೆಯನ್ನು ವಹಿಸಿದರು. ಅವರ ಮುಂದೆ ಮೂರು ವಾಯುನೆಲೆಗಳ ಹೆಸರುಗಳಿದ್ದವು. ಅವರು ವೆಂಡೋವರನ್ನು ಆರಿಸಿಕೊಂಡರು. ಎಲ್ಲಕ್ಕಿಂತ ಏಕಾಂತವಾದದ್ದು ಅದೇ. ಡಿಸೆಂಬರ್ 17ರಂದು 509ನೆಯ ಸಂಯುಕ್ತ ಗುಂಪು ಎಂಬ ಹೆಸರಿನಲ್ಲಿ ದಳ ಅಸ್ತಿತ್ವಕ್ಕೆ ಬಂದಿತು. ಸುಮಾರು 1,800 ಜನ. ಅವರಿಗೆ ಕೊಟ್ಟದ್ದು ಬಿ-29 ವಿಮಾನಗಳು. ಓದುಗರಿಗೆ ಒಂದು ಸಂಗತಿ ತಿಳಿದಿರಲಿ: ಬಿ-29 ನಮ್ಮ ನೆಲಕ್ಕೂ ಅಪರಿಚಿತವಲ್ಲ. 1944ರ ಜೂನ್ 5ರಂದು ಆ ಜಾತಿಯ ವಿಮಾನಗಳು ತಮ್ಮ ಮೊಟ್ಟಮೊದಲ ದಾಳಿಗೆ ಹೊರಟದ್ದು ಬಂಗಾಳದ ಖರಗ್‌ಪುರದ ಸುತ್ತಲಿನ ನೆಲೆಗಳಿಂದ. ಅಂದಿನ ಗುರಿ ಬ್ಯಾಂಕಾಕ್. ಆದರೆ ವೆಂಡೋವರ್‌ಗೆ ಬಂದವು ವಿಶೇಷವಾಗಿ ಮಾರ್ಪಡಿಸಿದ ವಿಮಾನಗಳು. ತೂಕ ಇಳಿಸಲು ಬಾಲದ ಬಂದೂಕುಗಳನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತುಹಾಕಿದ್ದರು.

ಅಭ್ಯಾಸದ ಕೇಂದ್ರದಲ್ಲಿದ್ದುದು ಒಂದು ಲೆಕ್ಕ. ವಿಮಾನ ಸುಮಾರು 30,000 ಅಡಿ ಎತ್ತರದಲ್ಲಿ ಹಾರುತ್ತಿರುತ್ತದೆ. ಕೈಬಿಟ್ಟ ಬಾಂಬು ಸಿಡಿಯುವ ಎತ್ತರಕ್ಕೆ ಇಳಿಯಲು ಮುಕ್ಕಾಲು ನಿಮಿಷಕ್ಕೂ ತುಸು ಕಡಿಮೆ ಸಮಯ ಸಾಕು. ಸ್ಫೋಟದ ಅಲೆ ವಿಮಾನವನ್ನೇ ಮುರಿಯದಿರಬೇಕಾದರೆ ಅಷ್ಟರಲ್ಲಿ ಅದು ಬಹುದೂರ ಸಾಗಿರಬೇಕು. ನೇರ ಮುಂದಕ್ಕೆ ಹೋದರೆ ಆಗದು, ಏಕೆಂದರೆ ಕೈಬಿಟ್ಟ ಬಾಂಬೂ ವಿಮಾನದ ವೇಗದಿಂದಲೇ ಮುಂದಕ್ಕೆ ಸಾಗುತ್ತ ಬೀಳುತ್ತದೆ. ಆದ್ದರಿಂದ ಬಾಂಬು ಬಿಟ್ಟ ಕ್ಷಣವೇ ವಿಮಾನವನ್ನು ಕೆಳಮುಖವಾಗಿ ವಾಲಿಸಿ ಸುಮಾರು 155 ಡಿಗ್ರಿ ತಿರುಗಿಸಿ ಓಡಬೇಕು. ಅಷ್ಟು ದೊಡ್ಡ ವಿಮಾನವನ್ನು ಹಾಗೆ ತಿರುಗಿಸುವುದು ಹುಡುಗಾಟವಲ್ಲ. ಚಾಲಕರು ಆ ತಿರುವನ್ನು ಮತ್ತೆ ಮತ್ತೆ ಮಾಡಿದರು. ಗುರಿಕಾರರು ಉಪ್ಪಿನ ನೆಲದ ಮೇಲೆ ಗುರುತಿಸಿದ ವೃತ್ತಕ್ಕೆ ಒಂದೇ ಒಂದು ಬಾಂಬನ್ನು ಹಾಕಿ ಹಾಕಿ ಕೈ ಪಳಗಿಸಿಕೊಂಡರು. ವಿಜ್ಞಾನಿಗಳಿಗೂ ಅಲ್ಲಿ ಕೆಲಸವಿತ್ತು. ಬಾಂಬಿನ ಆಕಾರ ಗಾಳಿಯಲ್ಲಿ ಹೇಗೆ ವರ್ತಿಸುತ್ತದೆ, ಒಳಗಿನ ಯಂತ್ರ ಸರಿಯಾದ ಎತ್ತರದಲ್ಲಿ ಚಾಲನೆಗೊಳ್ಳುತ್ತದೆಯೇ ಎಂದು ತಿಳಿಯಲು 1944ರ ಅಕ್ಟೋಬರ್‌ನಿಂದ ನೂರೈವತ್ತಕ್ಕೂ ಹೆಚ್ಚು ಪರೀಕ್ಷಾ ಬಾಂಬುಗಳನ್ನು ಹಾಕಿದರು. ನಾಗಸಾಕಿಯ ಬಾಂಬಿನ ಆಕಾರದಲ್ಲಿಯೇ, ಅದರಷ್ಟೇ ತೂಕದ ಅಭ್ಯಾಸದ ಬಾಂಬುಗಳಿಗೆ ‘ಕುಂಬಳಕಾಯಿ’ ಎಂದು ಹೆಸರಾಯಿತು.

ಇಷ್ಟೆಲ್ಲ ಮಾಡಿದವರಿಗೆ ತಾವು ಯಾತಕ್ಕಾಗಿ ಮಾಡುತ್ತಿದ್ದೇವೆಂಬುದು ತಿಳಿದಿರಲಿಲ್ಲ. ಪೂರ್ಣವಾಗಿ ತಿಳಿದಿದ್ದವರು ಟಿಬೆಟ್ಸ್ ಒಬ್ಬರೇ ಎನ್ನಬಹುದು. ಉಳಿದವರಿಗೆ ಅವರವರ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ. ಇಲ್ಲಿ ಕಂಡದ್ದನ್ನು ಕೇಳಿದ್ದನ್ನು ಇಲ್ಲಿಯೇ ಬಿಟ್ಟುಹೋಗಿ ಎಂಬ ಅರ್ಥದ ಫಲಕಗಳು ನೆಲೆಯಲ್ಲಿ ತೂಗುತ್ತಿದ್ದವು. ಪತ್ರಗಳನ್ನು ತೆರೆದು ಓದಲಾಗುತ್ತಿತ್ತು. ರಜೆಯ ಮೇಲೆ ಹೋದವರ ಹಿಂದೆ ಗುಪ್ತಚರರಿದ್ದರು. ಬಾಯಿಬಿಟ್ಟವರು ದೂರದ ಅಲಾಸ್ಕಾಕ್ಕೆ ವರ್ಗವಾದರು. ಹಿರೋಷಿಮಾಕ್ಕೆ ಹಾರಿದ ವಿಮಾನದ ಹಲವರಿಗೆ ತಾವು ಹೊತ್ತಿರುವುದು ಅಣುಬಾಂಬು ಎಂಬ ಮಾತು ಅಧಿಕೃತವಾಗಿ ಕಿವಿಗೆ ಬಿದ್ದದ್ದು ಆಕಾಶದಲ್ಲಿ, ಗುರಿಯತ್ತ ಹಾರುತ್ತಿದ್ದಾಗ.

ಸಹೃದಯ ಓದುಗರು ಇಲ್ಲಿ ಒಂದು ಕ್ಷಣ ನಮ್ಮ ಭಾಷೆಯ ಕಡೆಗೆ ಗಮನ ಕೊಡಬೇಕು. ಕನ್ನಡದಲ್ಲಿ ಓದಿಗೂ ‘ಅಭ್ಯಾಸ’ ಎನ್ನುತ್ತೇವೆ, ತಾಲೀಮಿಗೂ ‘ಅಭ್ಯಾಸ’ ಎನ್ನುತ್ತೇವೆ, ರೂಢಿಗೂ ‘ಅಭ್ಯಾಸ’ ಎನ್ನುತ್ತೇವೆ. ಹುಡುಗ ಚೆನ್ನಾಗಿ ಅಭ್ಯಾಸ ಮಾಡುತ್ತಾನೆ, ಸಂಗೀತದ ಅಭ್ಯಾಸ ನಡೆದಿದೆ, ಅವನಿಗೆ ಅದು ಅಭ್ಯಾಸವಾಗಿಹೋಗಿದೆ. ಮೂರೂ ಒಂದೇ ಪದ. ಶಿಕ್ಷಕ ವೃತ್ತಿಯಲ್ಲಿದ್ದವರು ಇದರ ಸತ್ಯವನ್ನು ಬಲ್ಲರು. ಕಲಿಕೆ ಪುನರಾವರ್ತನೆಯಿಂದ ರೂಢಿಯಾಗುತ್ತದೆ, ರೂಢಿಯಾದ ಮೇಲೆ ಯೋಚಿಸುವ ಅಗತ್ಯ ಬೀಳುವುದಿಲ್ಲ. ಮಗ್ಗಿ ಕಲಿಸುವಾಗ ನಮಗೆ ಬೇಕಾಗಿರುವುದೂ ಅದೇ. ಏಳೆಂಟಲ ಐವತ್ತಾರು ಎಂದು ಮಗುವಿನ ಬಾಯಲ್ಲಿ ತಾನಾಗಿ ಬರಬೇಕು. ವೆಂಡೋವರ್‌ನಲ್ಲಿ ನಡೆದದ್ದೂ ಅಂತಹ ಶಿಕ್ಷಣವೇ. ಅದು ಒಂದು ಶಾಲೆ. ಪಾಠಯೋಜನೆಯಿತ್ತು, ಉಪಕರಣಗಳಿದ್ದವು, ಮೌಲ್ಯಮಾಪನವಿತ್ತು, ಶಿಸ್ತಿತ್ತು. ಶಿಕ್ಷಣಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಬಹು ಯಶಸ್ವಿಯಾದ ಶಾಲೆ. ಕಲಿಕೆಯ ಉದ್ದೇಶವೇನೆಂಬ ಒಂದೇ ವಿಷಯವನ್ನು ಅಲ್ಲಿ ವಿದ್ಯಾರ್ಥಿಗಳಿಂದ ಮುಚ್ಚಿಟ್ಟಿದ್ದರು. ಸಾವಿರಾರು ಜನ ಸಜ್ಜನರು ಸೇರಿ ಒಂದು ಘೋರ ಕೆಲಸವನ್ನು ಹೇಗೆ ಮಾಡಬಲ್ಲರು ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿದೆ.

ಅಭ್ಯಾಸ ಉಪ್ಪಿನ ಬಯಲಿನಲ್ಲಿಯೇ ಮುಗಿಯಲಿಲ್ಲ. ಇದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ. 1945ರ ಬೇಸಿಗೆಯಲ್ಲಿ ದಳ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪಕ್ಕೆ ಸ್ಥಳಾಂತರಗೊಂಡಿತು. ಅಲ್ಲಿಂದ ಜುಲೈ 20ರಿಂದ ಆಗಸ್ಟ್ 14ರವರೆಗೆ ಜಪಾನಿನ ಊರುಗಳ ಮೇಲೆ 49 ಕುಂಬಳಕಾಯಿ ಬಾಂಬುಗಳನ್ನು ಹಾಕಲಾಯಿತು. ಇವುಗಳಲ್ಲಿ ಅಣುಶಕ್ತಿ ಇರಲಿಲ್ಲ. ಒಂದೊಂದರಲ್ಲಿಯೂ ಎರಡೂವರೆ ಟನ್ನಿಗೂ ಹೆಚ್ಚು ಸಾಮಾನ್ಯ ಸಿಡಿಮದ್ದಿತ್ತು. ಉದ್ದೇಶ ಅದೇ ಅಭ್ಯಾಸ: ಅದೇ ಎತ್ತರ, ಅದೇ ಒಂಟಿ ಬಾಂಬು, ಅದೇ ತಿರುವು. ಒಂದೆರಡು ವಿಮಾನಗಳು ಮಾತ್ರ ಬಂದರೆ ಗಾಬರಿಪಡಬೇಕಾಗಿಲ್ಲವೆಂಬ ಅಭ್ಯಾಸ ಜಪಾನೀಯರಿಗೂ ಆಯಿತು. ಆಗಸ್ಟ್ 6ರ ಬೆಳಗ್ಗೆ ಹವಾಮಾನ ನೋಡಲು ಬಂದ ಒಂಟಿ ವಿಮಾನ ಹೋದ ಮೇಲೆ ಹಿರೋಷಿಮಾದಲ್ಲಿ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಜನ ಹೊರಗೆ ಬಂದು ಕೆಲಸಕ್ಕೆ ಹೊರಟರು. 8 ಗಂಟೆ 15 ನಿಮಿಷಕ್ಕೆ ‘ಎನೋಲಾ ಗೇ’ ಬಂದಿತು. ಅದು ಟಿಬೆಟ್ಸ್ ತಮ್ಮ ತಾಯಿಯ ಹೆಸರನ್ನು ಇಟ್ಟಿದ್ದ ವಿಮಾನ. ಆ ವರ್ಷಾಂತ್ಯದೊಳಗೆ ಸತ್ತವರ ಸಂಖ್ಯೆ ಸುಮಾರು 1,40,000 ಎಂದು ಹಿರೋಷಿಮಾ ನಗರದ ಅಂದಾಜು.

ಕುಂಬಳಕಾಯಿ ಬಾಂಬುಗಳಿಂದ ಸತ್ತವರು ಸುಮಾರು 400 ಜನ. ಲಕ್ಷದ ಲೆಕ್ಕದ ಮುಂದೆ ಈ ಸಂಖ್ಯೆ ಸಣ್ಣದಾಗಿ ಕಾಣುತ್ತದೆ. ಆದರೆ ಅವರ ಮನೆಯವರಿಗೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ತಮ್ಮವರು ಏಕೆ ಸತ್ತರೆಂಬುದು ತಿಳಿದಿರಲಿಲ್ಲ. ಯುದ್ಧದಲ್ಲಿ ಬಿದ್ದ ಸಾವಿರಾರು ಬಾಂಬುಗಳಲ್ಲಿ ಒಂದು ಎಂದುಕೊಂಡಿದ್ದರು. 1991ರಲ್ಲಿ ಐಚಿ ಪ್ರಾಂತದ ಕಸುಗಾಯಿ ಎಂಬ ಊರಿನಲ್ಲಿ ಯುದ್ಧಕಾಲದ ಸ್ಥಳೀಯ ಚರಿತ್ರೆಯನ್ನು ದಾಖಲಿಸುತ್ತಿದ್ದ ನಾಗರಿಕರ ಗುಂಪು ಅಮೆರಿಕ ಸೈನ್ಯದ ಹಳೆಯ ಕಡತಗಳನ್ನು ಜಾಲಾಡಿದಾಗ ಸತ್ಯ ಹೊರಬಿದ್ದಿತು. ತಮ್ಮ ಊರಿನ ಮೇಲೆ 1945ರ ಆಗಸ್ಟ್ 14ರಂದು ಬಿದ್ದದ್ದು ಅಣುಬಾಂಬಿನ ತಾಲೀಮು! ತಾರೀಖನ್ನು ಗಮನಿಸಿ. ನಾಗಸಾಕಿ ಸುಟ್ಟು ಐದು ದಿನಗಳಾಗಿದ್ದವು. ಮರುದಿನ ಮಧ್ಯಾಹ್ನ ಚಕ್ರವರ್ತಿ ರೇಡಿಯೋದಲ್ಲಿ ಶರಣಾಗತಿಯನ್ನು ಸಾರಿದರು. ಅಭ್ಯಾಸಕ್ಕೆ ತನ್ನದೇ ಒಂದು ಓಟವಿರುತ್ತದೆ. ಕಾರಣ ಮುಗಿದರೂ ಅದು ನಿಲ್ಲುವುದಿಲ್ಲ.

ಆ ಮರುಭೂಮಿಯಲ್ಲಿ ನಡೆದ ತಾಲೀಮು ಇದೊಂದೇ ಅಲ್ಲ. ಅದೇ ಬಯಲಿನ ಇನ್ನೊಂದು ಭಾಗದಲ್ಲಿರುವ ಡಗ್‌ವೇ ಎಂಬ ಸೇನಾ ಪರೀಕ್ಷಾ ಕೇಂದ್ರದಲ್ಲಿ 1943ರಲ್ಲಿ ಒಂದು ಜರ್ಮನ್ ಹಳ್ಳಿಯನ್ನೂ ಒಂದು ಜಪಾನೀ ಹಳ್ಳಿಯನ್ನೂ ಕಟ್ಟಿದರು. ವಾಸಕ್ಕಲ್ಲ, ಸುಡುವುದಕ್ಕೆ. ಬೆಂಕಿಬಾಂಬುಗಳು ಮನೆಯೊಳಗೆ ಹೇಗೆ ಹರಡುತ್ತವೆಂದು ನೋಡುವುದಕ್ಕಾಗಿ ಜಪಾನೀ ಮನೆಗಳಲ್ಲಿ ಟಟಾಮಿ ಚಾಪೆಗಳನ್ನೂ ಹಾಸಿದ್ದರು. ಆ ಮನೆಗಳ ವಿನ್ಯಾಸ ಮಾಡಿದವರು ಆಂಟೊನಿನ್ ರೇಮಂಡ್. 1919ರಲ್ಲಿ ಜಪಾನಿಗೆ ಹೋಗಿ ಹಲವು ವರ್ಷ ಅಲ್ಲಿ ನೆಲೆಸಿ, ಆ ದೇಶದ ಮರಗೆಲಸವನ್ನು ಪ್ರೀತಿಯಿಂದ ಕಲಿತ ವಾಸ್ತುಶಿಲ್ಪಿ. ಪುದುಚೇರಿಯ ಅರವಿಂದಾಶ್ರಮಕ್ಕೆ ಹೋದವರು ‘ಗೋಲ್ಕೊಂಡ್’ ಎಂಬ ವಸತಿಗೃಹವನ್ನು ನೋಡಿರಬಹುದು. ಗಾಳಿ ಬೆಳಕುಗಳಿಗೆ ಗೋಡೆಯೇ ತೆರೆದುಕೊಳ್ಳುವ ಆ ಪ್ರಶಾಂತ ಕಟ್ಟಡವೂ 1930ರ ದಶಕದಲ್ಲಿ ಇದೇ ರೇಮಂಡ್ ರೂಪಿಸಿದ್ದು. ಜ್ಞಾನವೆಂಬುದು ಯಾವ ಕೈಗೆ ಯಾವಾಗ ಯಾವ ಕೆಲಸಕ್ಕೆ ಒದಗುತ್ತದೆಂದು ಹೇಳಲಾಗದು. ಡಗ್‌ವೇಯಲ್ಲಿ ಪಳಗಿದ ಬೆಂಕಿ 1945ರ ಮಾರ್ಚ್ 9ರ ರಾತ್ರಿ ಟೋಕಿಯೋದಲ್ಲಿ ಸುಮಾರು ಒಂದು ಲಕ್ಷ ಜನರನ್ನು ಆಹುತಿ ತೆಗೆದುಕೊಂಡಿತು.

ಇನ್ನು ‘ಖಾಲಿ ನೆಲ’ದ ಮಾತು. ಉಪ್ಪಿನ ಬಯಲಿನ ಅಂಚಿನ ಕಣಿವೆಗಳಲ್ಲಿ ಗೋಶೂಟ್ ಎಂಬ ಮೂಲನಿವಾಸಿಗಳು ಅನಾದಿಯಿಂದ ಬದುಕಿದ್ದರು. ಹುಲ್ಲಿನ ಬೀಜ, ಪೈನ್ ಮರದ ಬೀಜ, ಬೇರು, ಮೊಲ, ಮಿಡತೆ ಇವುಗಳಿಂದಲೇ ಆ ಬರಡು ನೆಲದಲ್ಲಿ ಸಂಸಾರ ನಡೆಸುವ ವಿದ್ಯೆ ಅವರಿಗೆ ತಿಳಿದಿತ್ತು. ಅವರ ಸ್ಕಲ್ ಕಣಿವೆಯ ನೆಲ ಡಗ್‌ವೇಗೆ ಹತ್ತಿರದ ನೆರೆ. 1968ರ ಮಾರ್ಚ್‌ನಲ್ಲಿ ನರಗಳಿಗೆ ಘಾತಕವಾದ ವಿಷದ ಪರೀಕ್ಷೆಯ ಬೆನ್ನಲ್ಲೇ ಆ ಕಣಿವೆಯಲ್ಲಿ ಸಾವಿರಾರು ಕುರಿಗಳು ಸತ್ತವು. ಸೈನ್ಯ ಸಾಕಣೆದಾರರಿಗೆ ಪರಿಹಾರ ತೆತ್ತಿತು. ನೆವಾಡಾದ ದಕ್ಷಿಣ ಭಾಗದಲ್ಲಿ 1951ರಿಂದ 1962ರವರೆಗೆ ಬಯಲಿನಲ್ಲಿಯೇ ಅಣುಬಾಂಬುಗಳನ್ನು ಸಿಡಿಸಿದಾಗ ಗಾಳಿ ಆ ಧೂಳನ್ನು ಯೂಟಾದ ಹಳ್ಳಿಗಳ ಮೇಲೆ ಸುರಿಯಿತು. ಅದಕ್ಕೆ ಪರಿಹಾರ ಕೊಡುವ ಕಾನೂನು ಬಂದದ್ದು 1990ರಲ್ಲಿ. ಭೂಪಟದಲ್ಲಿ ಒಂದು ಪ್ರದೇಶವನ್ನು ಖಾಲಿ ಎಂದು ಬಣ್ಣ ಬಳಿಯುವುದು ಸುಲಭ. ಅಲ್ಲಿರುವವರು ಎಣಿಕೆಗೆ ಬರಲಿಲ್ಲವೆಂದು ಮಾತ್ರ ಅದರ ಅರ್ಥ.

ಇದನ್ನು ಓದಿದ ಕೆಲವರು ಆಕ್ಷೇಪಿಸಬಹುದು. ಯುದ್ಧವನ್ನು ಆರಂಭಿಸಿದ್ದು ಜಪಾನ್ ಅಲ್ಲವೇ? 1937ರಲ್ಲಿ ನಾನ್‌ಕಿಂಗ್‌ನಲ್ಲಿ ಅದರ ಸೈನ್ಯ ಮಾಡಿದ್ದೇನು? ಓಕಿನಾವಾ ದ್ವೀಪದ ಒಂದು ಕಾಳಗದಲ್ಲಿಯೇ ಅಷ್ಟು ಜನ ಸತ್ತಿರುವಾಗ ಬಾಂಬು ಯುದ್ಧವನ್ನು ಬೇಗ ಮುಗಿಸಲಿಲ್ಲವೇ? ಇವು ಗಂಭೀರವಾದ ಪ್ರಶ್ನೆಗಳು. ಇತಿಹಾಸಕಾರರು ಇಂದಿಗೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ, ಈ ಪುಟದಲ್ಲಿ ನಾನು ತೀರ್ಪು ಕೊಡಲು ಹೊರಟಿಲ್ಲ. ಬಾಂಬು ಅನಿವಾರ್ಯವಾಗಿತ್ತೆಂದು ನಂಬುವವರಿಗೂ ಅದರ ಪೂರ್ವಸಿದ್ಧತೆಯನ್ನು ತಿಳಿಯುವ ಹೊಣೆ ತಪ್ಪುವುದಿಲ್ಲ. ನ್ಯಾಯವೋ ಅನ್ಯಾಯವೋ ಎಂದು ತೂಗಬೇಕಾದರೆ ಮೊದಲು ನಡೆದದ್ದೇನೆಂದು ಪೂರ್ಣವಾಗಿ ಗೊತ್ತಿರಬೇಕು.

ಪೂರ್ಣವಾಗಿ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಎನೋಲಾ ಗೇ ವಿಮಾನದ ಪ್ರದರ್ಶನವೇ ಸಾಕ್ಷಿ. ಯುದ್ಧ ಮುಗಿದು ಐವತ್ತು ವರ್ಷಗಳಾದಾಗ, 1995ರಲ್ಲಿ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ಆ ವಿಮಾನದೊಡನೆ ಹಿರೋಷಿಮಾದ ಜನರ ಪಾಡನ್ನೂ ತೋರಿಸುವ ಪ್ರದರ್ಶನವನ್ನು ಯೋಜಿಸಿತು. ಮಾಜಿ ಸೈನಿಕರ ಸಂಘಗಳೂ ಸಂಸತ್ತಿನ ಸದಸ್ಯರೂ ತೀವ್ರವಾಗಿ ವಿರೋಧಿಸಿದರು. ಯೋಜನೆ ರದ್ದಾಯಿತು, ವಸ್ತುಸಂಗ್ರಹಾಲಯದ ನಿರ್ದೇಶಕರು ರಾಜೀನಾಮೆ ಕೊಟ್ಟರು, ವಿಮಾನದ ಮುಂಭಾಗವನ್ನು ಹೆಚ್ಚು ವಿವರಣೆಯಿಲ್ಲದೆ ಇಟ್ಟರು. 2003ರಿಂದ ಪೂರ್ತಿ ವಿಮಾನ ವಾಷಿಂಗ್ಟನ್ ಸಮೀಪದ ಇನ್ನೊಂದು ಕಟ್ಟಡದಲ್ಲಿದೆ. ಟಿಬೆಟ್ಸ್ ಕೊನೆಯವರೆಗೂ ತಮ್ಮ ಕೆಲಸಕ್ಕಾಗಿ ಪಶ್ಚಾತ್ತಾಪಪಡಲಿಲ್ಲ. ಆದರೆ 2007ರಲ್ಲಿ ತೀರಿಕೊಂಡಾಗ, ಪ್ರತಿಭಟನೆಗೆ ಎಡೆಯಾಗಬಾರದೆಂಬ ಅವರ ಇಚ್ಛೆಯಂತೆ ಸಮಾಧಿಯನ್ನು ಕಟ್ಟಲಿಲ್ಲ.

ವೆಂಡೋವರ್‌ನಲ್ಲಿ ಎನೋಲಾ ಗೇ ನಿಲ್ಲುತ್ತಿದ್ದ ದೊಡ್ಡ ಹ್ಯಾಂಗರ್ ಬಹುಕಾಲ ಗಾಜು ಒಡೆದು, ತಗಡು ಕಿತ್ತು ಪಾಳುಬಿದ್ದಿತ್ತು. 2009ರಲ್ಲಿ ಅದನ್ನು ಅಮೆರಿಕದ ಅಳಿವಿನಂಚಿನ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿಸಿದರು. ಬಳಿಕ ಸ್ಥಳೀಯರ ಶ್ರಮದಿಂದ ಜೀರ್ಣೋದ್ಧಾರವಾಯಿತು. ಪಕ್ಕದಲ್ಲಿ ವಸ್ತುಸಂಗ್ರಹಾಲಯವಿದೆ. ಗಡಿಯ ಆಚೆ ನೆವಾಡಾದ ಭಾಗದಲ್ಲಿ ಜೂಜಿನ ಕಟ್ಟೆಗಳ ದೀಪ ಝಗಝಗಿಸುತ್ತದೆ. ಆ ಹ್ಯಾಂಗರನ್ನು ಕೆಡವಬೇಕೆಂದು ಹೇಳುವವರೂ ಇದ್ದಾರು. ನಾನು ಅವರೊಡನೆ ಸೇರಲಾರೆ. ಹಿರೋಷಿಮಾದ ಮುರಿದ ಗುಮ್ಮಟ ಉಳಿದಿರುವಂತೆ ವೆಂಡೋವರ್‌ನ ಹ್ಯಾಂಗರೂ ಉಳಿಯಬೇಕು. ಗುಮ್ಮಟ ಫಲವನ್ನು ತೋರಿಸುತ್ತದೆ, ಹ್ಯಾಂಗರ್ ಬೇರನ್ನು ತೋರಿಸುತ್ತದೆ. ಒಂದನ್ನು ಮಾತ್ರ ನೋಡಿದವನು ಅರ್ಧ ಪಾಠವನ್ನು ಕಲಿತಂತೆ.

ಈಗ ಸೇವೆಯಲ್ಲಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಪಠ್ಯ ಬದಲಾಗುವವರೆಗೆ ಕಾಯಬೇಡಿ. ಎರಡನೆಯ ಮಹಾಯುದ್ಧದ ಪಾಠಕ್ಕೆ ಒಂದೇ ಒಂದು ಅವಧಿಯನ್ನು ಹೆಚ್ಚಾಗಿ ತೆಗೆದಿಡಿ. ಪ್ರಪಂಚದ ಭೂಪಟವನ್ನು ತೂಗುಹಾಕಿ ವೆಂಡೋವರ್, ಖರಗ್‌ಪುರ, ಟಿನಿಯನ್, ಕಸುಗಾಯಿ, ಹಿರೋಷಿಮಾಗಳನ್ನು ಮಕ್ಕಳಿಂದಲೇ ಗುರುತು ಮಾಡಿಸಿ. ಹಲಗೆಯ ಮೇಲೆ ಮೂರು ಪ್ರಶ್ನೆಗಳನ್ನು ಬರೆಯಿರಿ: ಅಭ್ಯಾಸ ಮಾಡಿದವರು ಯಾರು? ಅವರಿಗೆ ಏನು ತಿಳಿದಿತ್ತು? ಅಭ್ಯಾಸ ಯಾರ ಮೇಲೆ ನಡೆಯಿತು? ಉತ್ತರವನ್ನು ನೀವು ಹೇಳಬೇಡಿ. ಹದಿನೈದು ವರ್ಷದ ಮಕ್ಕಳು ಹೇಳುತ್ತಾರೆ, ಹಿರಿಯರಿಗೆ ಹೊಳೆಯದ್ದನ್ನೂ ಹೇಳುತ್ತಾರೆ. ನಾಳೆ ಅವರಲ್ಲಿ ಕೆಲವರು ಎಂಜಿನಿಯರುಗಳಾಗುತ್ತಾರೆ, ಕೆಲವರು ಸೈನ್ಯಕ್ಕೆ ಸೇರುತ್ತಾರೆ, ಹಲವರು ಯಾವುದೋ ದೊಡ್ಡ ಯಂತ್ರದ ಒಂದು ಸಣ್ಣ ಭಾಗದ ಮೇಲೆ ದಿನವಿಡೀ ಕೆಲಸ ಮಾಡುತ್ತಾರೆ. ಈ ಕೆಲಸ ಕೊನೆಗೆ ಯಾತಕ್ಕೆ ಎಂದು ಕೇಳುವ ಅಭ್ಯಾಸವೂ ಅವರಿಗೆ ಶಾಲೆಯಲ್ಲಿಯೇ ಆಗಿರಲಿ. ಅದಕ್ಕೆ ನಲವತ್ತೈದು ನಿಮಿಷ ಹೆಚ್ಚೇನಲ್ಲ.